ಮಾಸ್ ಮೀಡಿಯಾ ಓದಿದವರು ಮುಂದೇನು ಮಾಡುತ್ತಾರೆ?

ಹನ್ನೆರಡನೆಯ ಇಯತ್ತೆಯ ಫಲಿತಾಂಶ ಬಂದ ವಾರ ನಮ್ಮವರ ಯಾವ ಮನೆಗೆ ಹೋದರೂ ಒಂದೇ ಚರ್ಚೆ. ಸಾಯನ್ಸಿನವರ ದಾರಿ ಬಹುಮಟ್ಟಿಗೆ ಗೊತ್ತಾಗಿರುತ್ತದೆ. ಕಾಮರ್ಸಿನವರಿಗೆ ಸಿ.ಎ. ಎಂಬ ಮಂತ್ರವಿದೆ, ಫಲಿಸಿದರೂ ಫಲಿಸದಿದ್ದರೂ ಜಪಿಸಬಹುದು. ಆದರೆ ಮಗಳು "ಅಮ್ಮಾ, ನಾನು ಮಾಸ್ ಮೀಡಿಯಾ ತೆಗೆದುಕೊಳ್ಳುತ್ತೇನೆ" ಎಂದಳೋ, ಮನೆಯ ಹಿರಿಯರ ಮುಖ ಸಣ್ಣದಾಗುತ್ತದೆ. "ಅದನ್ನು ಓದಿ ಟಿ.ವಿ.ಯಲ್ಲಿ ವಾರ್ತೆ ಓದುತ್ತೀಯಾ?" ಎಂಬ ಪ್ರಶ್ನೆ ಬರುತ್ತದೆ. ನಾನು ಇಂಗ್ಲಿಷ್ ಬಿ.ಎ. ಮಾಡಿದಾಗ "ಇದನ್ನು ಓದಿ ಟೀಚರ್ ಆಗುತ್ತೀಯಾ?" ಎಂದು ಕೇಳುತ್ತಿದ್ದರು. ಕಾಲ ಬದಲಾದರೂ ಪ್ರಶ್ನೆಯ ಧಾಟಿ ಬದಲಾಗಿಲ್ಲ ನೋಡಿ!

ಓದುಗ ಬಂಧುಗಳೇ, ಈ ವಿದ್ಯೆ ನಾವು ತಿಳಿದಷ್ಟು ಹೊಸತಲ್ಲ. ಜರ್ಮನಿಯಿಂದ ಬಂದ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರತಂದಲ್ಲಿಂದ ಕನ್ನಡ ಪತ್ರಿಕೋದ್ಯಮದ ಲೆಕ್ಕ ಶುರುವಾಗುತ್ತದೆ. ಕಾಲೇಜಿನಲ್ಲಿ ಅದನ್ನು ಪಾಠವಾಗಿ ಕಲಿಸುವ ಕೆಲಸವೂ ನಮ್ಮ ನಾಡಿನಲ್ಲಿ ಬೇಗನೇ ಆಯಿತು. 1951ರಲ್ಲಿಯೇ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮ ಕಲಿಸತೊಡಗಿದ್ದರು. ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆ ಹುಟ್ಟಿದ್ದು 1965ರಲ್ಲಿ, ಮುಂಬಯಿಯ ಝೇವಿಯರ್ ಸಂವಹನ ಸಂಸ್ಥೆ 1969ರಲ್ಲಿ. ಮುಂಬಯಿ ವಿಶ್ವವಿದ್ಯಾಲಯ ಮಾತ್ರ ಈ ಶತಮಾನ ಹುಟ್ಟುವ ಹೊತ್ತಿಗೆ ಬಿ.ಎಂ.ಎಂ. ಎಂಬ ಪದವಿಯನ್ನು ತಂದಿತು. ಈಚೆಗೆ ಅದರ ಹೆಸರು ಬಿ.ಎ.ಎಂ.ಎಂ.ಸಿ. ಎಂದು ಉದ್ದವಾಗಿದೆ. ಮೊದಲೆರಡು ವರ್ಷ ಎಲ್ಲವನ್ನೂ ಸ್ವಲ್ಪ ಸ್ವಲ್ಪ ರುಚಿ ನೋಡಿ, ಮೂರನೆಯ ವರ್ಷದಲ್ಲಿ ಜಾಹೀರಾತು ಅಥವಾ ಪತ್ರಿಕೋದ್ಯಮ, ಎರಡರಲ್ಲೊಂದನ್ನು ಹಿಡಿಯುವ ಕ್ರಮ ಮೊದಲಿನಿಂದ ನಡೆದು ಬಂದದ್ದು.

ಹಾಗಾದರೆ ಪದವಿ ಇಲ್ಲದೆ ಆಗುವುದೇ ಇಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ. ಉಡುಪಿಯ ಎಂ.ವಿ. ಕಾಮತರು ಓದಿದ್ದು ವಿಜ್ಞಾನ. ಕೆಲವು ವರ್ಷ ಕೆಮಿಸ್ಟ್ ಆಗಿ ದುಡಿದು 1946ರಲ್ಲಿ ಮುಂಬಯಿಯ 'ಫ್ರೀ ಪ್ರೆಸ್ ಜರ್ನಲ್' ಸೇರಿದವರು, ಮುಂದೆ 'ಇಲಸ್ಟ್ರೇಟೆಡ್ ವೀಕ್ಲಿ'ಯ ಸಂಪಾದಕರೂ ಪ್ರಸಾರ ಭಾರತಿಯ ಅಧ್ಯಕ್ಷರೂ ಆದರು. ಎಚ್.ವೈ. ಶಾರದಾಪ್ರಸಾದರು ಮುಂಬಯಿಯಲ್ಲಿ ಪತ್ರಕರ್ತರಾಗಿದ್ದು, 'ಯೋಜನಾ' ಸಂಪಾದಿಸಿ, ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾದರು. ಜಯಂತ ಕಾಯ್ಕಿಣಿಯವರೂ ಇದೇ ಊರಿನ ಔಷಧ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡೇ ಬರೆದವರು. ಆದರೆ ಆ ಕಾಲದಲ್ಲಿ ಪತ್ರಿಕಾಲಯವೇ ಶಾಲೆಯಾಗಿತ್ತು, ಹಿರಿಯ ಉಪಸಂಪಾದಕರು ಕೆಂಪು ಶಾಯಿಯಲ್ಲಿ ತಿದ್ದಿ ಕಲಿಸುತ್ತಿದ್ದರು. ಈಗ ಅಷ್ಟು ವ್ಯವಧಾನ ಯಾರಿಗಿದೆ? ಕಲಿತುಕೊಂಡೇ ಬನ್ನಿ ಎನ್ನುತ್ತಾರೆ. ಅದಕ್ಕೇ ಕಾಲೇಜು.

ಇನ್ನು ಕೆಲಸಗಳ ವಿಚಾರ. ಪತ್ರಿಕೆ ಮತ್ತು ಟಿ.ವಿ. ಎಲ್ಲರಿಗೂ ಗೊತ್ತು, ಅಲ್ಲಿ ಜಾಗ ಕಡಿಮೆ, ನೂಕುನುಗ್ಗಲು ಹೆಚ್ಚು. ಅದರ ಆಚೆಗೆ ದೊಡ್ಡ ಕಂಪನಿಗಳ ಸಾರ್ವಜನಿಕ ಸಂಪರ್ಕ ವಿಭಾಗಗಳಿವೆ. 2013ರ ಕಂಪನಿ ಕಾಯ್ದೆ ಬಂದ ಮೇಲೆ ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಮಾಡಿದ್ದನ್ನು ಬರೆದು, ಚಿತ್ರ ತೆಗೆದು ತೋರಿಸುವವರೂ ಬೇಕು. ಸರಕಾರದಲ್ಲಿ ಭಾರತೀಯ ಮಾಹಿತಿ ಸೇವೆ ಇದೆ. ಇದರ ಮೇಲಿನ ದರ್ಜೆಗೆ ಯು.ಪಿ.ಎಸ್.ಸಿ.ಯ ನಾಗರಿಕ ಸೇವಾ ಪರೀಕ್ಷೆ, ಕೆಳಗಿನದಕ್ಕೆ ಪತ್ರಿಕೋದ್ಯಮದ ಪದವಿ ಅಥವಾ ಡಿಪ್ಲೊಮಾ. ಕೆಳಗಿನ ದರ್ಜೆಯ ಹುದ್ದೆಗಳನ್ನು ಭಾಷಾವಾರು ಕರೆದು, ಆ ಭಾಷೆಯನ್ನು ಹತ್ತನೆಯವರೆಗೆ ಓದಿರಬೇಕೆಂದು ಕೇಳಿದ್ದೂ ಉಂಟು. ಪಾಠ ಹೇಳುವ ಆಸೆಯಿದ್ದವರು ಎಂ.ಎ. ಮಾಡಿ ನೆಟ್ ಪರೀಕ್ಷೆ ಬರೆಯಬೇಕು.

ನಮ್ಮ ಮಕ್ಕಳಿಗೇ ವಿಶೇಷವಾದ ಇನ್ನೊಂದು ದಾರಿಯಿದೆ, ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ದೇಶದ ಜಾಹೀರಾತಿನ ದೊಡ್ಡ ಪೇಟೆ ಮುಂಬಯಿ. ಸಾಬೂನಿನ ಜಾಹೀರಾತು ಇಲ್ಲಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹುಟ್ಟುತ್ತದೆ, ಆಮೇಲೆ ಹತ್ತು ಭಾಷೆಯ ಅಂಗಿ ತೊಡುತ್ತದೆ. ಕನ್ನಡದ ಅಂಗಿ ಎಷ್ಟೋ ಸಲ ಮೈಗೆ ಹೊಂದುವುದಿಲ್ಲ ಎಂಬುದನ್ನು ನೀವೂ ಟಿ.ವಿ.ಯ ಮುಂದೆ ಕುಳಿತು ಕಂಡಿರಬಹುದು. ವಾಕ್ಯ ಕನ್ನಡದ್ದು, ಎಲುಬು ಹಿಂದಿಯದ್ದು. ಕೇಳಿದರೆ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ.

ಡಬ್ಬಿಂಗಿನ ಮಾತೂ ಹಾಗೆಯೇ. ಕರ್ನಾಟಕದಲ್ಲಿ ದಶಕಗಳ ಕಾಲ ಡಬ್ಬಿಂಗಿಗೆ ಅಘೋಷಿತ ನಿಷೇಧವಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಅದು ತಪ್ಪೆಂದು ತೀರ್ಪಿತ್ತ ಮೇಲೆ ಬಾಗಿಲು ತೆರೆಯಿತು. 2020ರ ಲಾಕ್‌ಡೌನಿನಲ್ಲಿ ಹಿಂದಿಯ 'ಮಹಾಭಾರತ' ಧಾರಾವಾಹಿ ಕನ್ನಡ ಮಾತನಾಡುತ್ತ ಸುವರ್ಣ ವಾಹಿನಿಯಲ್ಲಿ ಬಂದಾಗ ಎಷ್ಟು ಜನ ನೋಡಿದರು! ಡಬ್ಬಿಂಗ್ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಇನ್ನೂ ಮುಗಿದಿಲ್ಲ, ನಾನು ಅದಕ್ಕೆ ಕೈಹಾಕುವುದಿಲ್ಲ. ಕೆಲಸವಂತೂ ಹುಟ್ಟಿದೆ. ತುಟಿಯ ಚಲನೆಗೆ ಸರಿಯಾಗಿ ಮಾತು ಕೂಡಿಸುವವರು, ದನಿ ಕೊಡುವವರು, ಪರದೆಯ ಕೆಳಗಿನ ಅಡಿಬರಹ ಬರೆಯುವವರು ಬೇಕು. ಅಡಿಬರಹದ ಕಷ್ಟ ನೋಡಿ: ನಟ ಮೂರು ಉಸಿರಿನಲ್ಲಿ ಹೇಳಿದ್ದನ್ನು ನೋಡುಗ ಎರಡು ಸಾಲಿನಲ್ಲಿ ಓದಿ ಮುಗಿಸಬೇಕು. ಇದನ್ನು ಮಾಡುವವರಿಗೆ ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಹದವಾಗಿ ಬರಬೇಕು. ನಮ್ಮ ನವಿಮುಂಬಯಿಯ ಮಕ್ಕಳಿಗೆ ಜೊತೆಗೆ ಮರಾಠಿಯೂ ಪುಕ್ಕಟೆ ಬರುತ್ತದೆ, ಕೆಲವರಿಗೆ ಮನೆಯಲ್ಲಿ ತುಳು ಅಥವಾ ಕೊಂಕಣಿ. ಇಂಥ ಆಸ್ತಿ ಬೆಂಗಳೂರಿನ ಹುಡುಗರಿಗೂ ಇಲ್ಲ.

ಆದರೆ ಕೊರತೆ ಎಲ್ಲಿದೆ ಗೊತ್ತೇ? ಮಕ್ಕಳು ಕನ್ನಡ ಮಾತನಾಡುತ್ತಾರೆ, ಓದಲು ಬರುವುದಿಲ್ಲ. ನನಗೆ ಪರಿಚಯದ ಹುಡುಗಿಯೊಬ್ಬಳು ಮಾಸ್ ಮೀಡಿಯಾದಲ್ಲಿ ಒಳ್ಳೆಯ ಅಂಕ ತೆಗೆದವಳು. ಜಾಹೀರಾತಿನ ಒಂದು ಕಚೇರಿಯಲ್ಲಿ ಕನ್ನಡದ ಕೆಲಸವಿದೆ ಎಂದು ಕರೆದರು. ಅಜ್ಜಿಯ ಜೊತೆ ಸೊಗಸಾದ ಕನ್ನಡ ಆಡುವ ಹುಡುಗಿ, ಎದುರಿಗಿಟ್ಟ ಹಾಳೆಯ ಒತ್ತಕ್ಷರಗಳನ್ನು ದಾಟಲಾರದೆ ಹಿಂದೆ ಬಂದಳು. ಕೆಲಸ ಬೇರೆಯವರ ಪಾಲಾಯಿತು. ಅವಳ ತಾಯಿ ನನ್ನೆದುರು ಕಣ್ಣೀರು ಹಾಕಿದರು, ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಹುಡುಗಿಯ ತಪ್ಪೇನಿದೆ? ಅವಳ ಶಾಲೆಯಲ್ಲಿ ಆ ವಿಷಯವೇ ಇರಲಿಲ್ಲ.

ನಮ್ಮ ತುರ್ಭೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಎಪಿಎಂಸಿಯ ಕಾಂದಾ-ಬಟಾಟಾ ಮಾರುಕಟ್ಟೆಯ ಮುಂದೆ ಬೆಳಗಿನ ಜಾವ ಒಂದು ಸುತ್ತು ಹಾಕಿ. ಮರಾಠಿ, ಗುಜರಾತಿ, ಭೋಜಪುರಿ, ನಡುನಡುವೆ ನಮ್ಮ ಉತ್ತರ ಕರ್ನಾಟಕದ ಗಟ್ಟಿ ಕನ್ನಡ. 2020ರ ಮೇ ತಿಂಗಳಲ್ಲಿ ಕೊರೋನಾದಿಂದ ಈ ಮಾರುಕಟ್ಟೆಯನ್ನು ಒಂದು ವಾರ ಮುಚ್ಚಬೇಕಾಯಿತು. ಅಂಥ ದಿನಗಳಲ್ಲಿ ಮೂಟೆ ಹೊರುವ ಹಮಾಲನಿಗೆ ಏನು ಮಾಡಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ಅವನ ಮಾತಿನಲ್ಲಿ, ಅವನು ನಂಬುವಂತೆ ಹೇಳುವುದೂ ಸಂವಹನವೇ. ಇದನ್ನು ಆರೋಗ್ಯ ಸಂವಹನ ಎಂದು ಬೇರೆಯಾಗಿಯೇ ಕಲಿಸುತ್ತಾರೆ. ಯುನಿಸೆಫ್‌ನಂಥ ಸಂಸ್ಥೆಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ ಅದಕ್ಕೆ ಹುದ್ದೆಗಳಿವೆ. ಸಮುದಾಯ ಬಾನುಲಿಯೂ ಇದೇ ಜಾತಿಯದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ 'ಸಾರಂಗ್' ಬಾನುಲಿ ಕನ್ನಡ, ತುಳು, ಕೊಂಕಣಿಗಳಲ್ಲಿ ಮಾತನಾಡುವುದನ್ನು ಊರಿಗೆ ಹೋದಾಗ ಕೇಳಿ ನೋಡಿ. ಮೈಸೂರಿನಲ್ಲಿ 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದ್ದರು, ಅವರು ಕಲಿಸುತ್ತಿದ್ದದ್ದು ಮನಶ್ಶಾಸ್ತ್ರ!

ಬೆಳ್ಳಗಿರುವುದೆಲ್ಲ ಹಾಲಲ್ಲ, ಕಷ್ಟಗಳನ್ನೂ ಹೇಳಿಬಿಡಬೇಕು. ಖಾಸಗಿ ಸಂಸ್ಥೆಗಳ ಶುಲ್ಕ ಲಕ್ಷಗಳಲ್ಲಿದೆ, ಆರಂಭದ ಸಂಬಳ ಸಾವಿರಗಳಲ್ಲಿ. 'ಇಂಟರ್ನ್‌ಶಿಪ್' ಎಂಬ ಹೆಸರಿನಲ್ಲಿ ಮೂರು ತಿಂಗಳು, ಆರು ತಿಂಗಳು ಬಿಟ್ಟಿ ದುಡಿಸಿಕೊಳ್ಳುವವರೂ ಇದ್ದಾರೆ. ಅಂಧೇರಿಯ ಸ್ಟುಡಿಯೋ ಎಂದರೆ ತುರ್ಭೆಯಿಂದ ಠಾಣೆ, ಅಲ್ಲಿಂದ ಘಾಟ್ಕೋಪರ್, ಮತ್ತೆ ಮೆಟ್ರೋ. ಕೆಲಸ ಮುಗಿಯುವುದು ಎಷ್ಟು ಹೊತ್ತಿಗೋ, ಹೆಣ್ಣುಮಕ್ಕಳ ತಾಯಂದಿರು ಗಡಿಯಾರ ನೋಡುತ್ತ ಕೂರಬೇಕು. ಈಗ ಗಣಕಯಂತ್ರವೇ ಕ್ಷಣಾರ್ಧದಲ್ಲಿ ಅನುವಾದ ಮಾಡಿಕೊಡುತ್ತದೆ, ಬರೆದೂ ಕೊಡುತ್ತದೆ. ಸಾಧಾರಣ ಅನುವಾದಕ್ಕೆ ಇನ್ನು ಬೆಲೆ ಸಿಗಲಾರದು. ಯಂತ್ರ ಬರೆದದ್ದರಲ್ಲಿ ಎಲ್ಲಿ ಕಲ್ಲಿದೆ ಎಂದು ಹೆಕ್ಕಬಲ್ಲವರಿಗೆ ಮಾತ್ರ ಬೆಲೆ ಉಳಿದೀತು ಎಂಬುದು ನನ್ನ ಎಣಿಕೆ.

ಆದುದರಿಂದ ಕಾಲೇಜು ಆರಿಸುವಾಗ ಕಟ್ಟಡದ ಗಾಜು ನೋಡಬೇಡಿ. ವಿದ್ಯಾರ್ಥಿಗಳು ತಾವೇ ಹೊರತರುವ ಪತ್ರಿಕೆ ಇದೆಯೇ, ಕಳೆದ ವರ್ಷ ಪಾಸಾದವರು ಎಲ್ಲಿದ್ದಾರೆ, ಕಲಿಸುವವರಲ್ಲಿ ಕೆಲಸ ಮಾಡಿ ಗೊತ್ತಿದ್ದವರು ಎಷ್ಟು ಮಂದಿ ಎಂದು ಕೇಳಿ. ಉತ್ತರ ಕೊಡಲು ತಡವರಿಸಿದರೆ ಮುಂದಿನ ಕಾಲೇಜಿಗೆ ನಡೆಯಿರಿ. ಮಗ ಅಥವಾ ಮಗಳು ಪ್ರವೇಶ ಪಡೆದ ದಿನದಿಂದಲೇ ಮನೆಗೊಂದು ಕನ್ನಡ ಪತ್ರಿಕೆ ತರಿಸಿ, ದಿನಕ್ಕೆ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿಸಿ. ಮೊದಲ ತಿಂಗಳು ಮುಖ ಗಂಟಿಕ್ಕುತ್ತಾರೆ, ಇರಲಿ.

ಅಕ್ಷರದಿಂದಲೇ ಶುರು ಮಾಡಬೇಕಾದವರು ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ವಿಚಾರಿಸಬಹುದು, ಕನ್ನಡ ಕಲಿಯುವವರಿಗೆ ಅಲ್ಲಿ ಸರ್ಟಿಫಿಕೇಟ್ ತರಗತಿ ನಡೆಸುತ್ತ ಬಂದಿದ್ದಾರೆ. ತುರ್ಭೆಯಲ್ಲಿ ಲೋಕಲ್ ಹತ್ತಿ, ವಾಶಿಯಲ್ಲಿ ಗಾಡಿ ಬದಲಿಸಿ, ಕುರ್ಲಾದಲ್ಲಿ ಇಳಿದು ಬಸ್ಸು ಹಿಡಿದರಾಯಿತು.