ಬೆಳಕಿನ ಫ್ಯಾನು ಮಾತು ಕೇಳದಿದ್ದಾಗ: ದೋಷ ತಂತ್ರಾಂಶದ್ದೋ, ತಂತಿಯದ್ದೋ?

ಜಮಖಂಡಿ: ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆ, ಮಗ್ಗದ ಸದ್ದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹೆಸರು ಕೇಳಿದೊಡನೆ ಹೊರಗಿನವರಿಗೆ ನೆನಪಾಗುವುದು ಇವೇ. ಆದರೆ ರಾಜ್ಯದ ಇತರ ಪಟ್ಟಣಗಳಂತೆ ಇಲ್ಲಿಯೂ ಮದುವೆಯ ವಿಡಿಯೊ ಸಂಕಲಿಸುವ ಸ್ಟುಡಿಯೊಗಳ, ಫ್ಲೆಕ್ಸ್ ವಿನ್ಯಾಸದ ಅಂಗಡಿಗಳ, ಕಾಲೇಜು ಹುಡುಗರ ಕೋಣೆಗಳ ಮೇಜಿನ ಮೇಲೆ ಗಾಜಿನ ಬದಿಯುಳ್ಳ ಕಂಪ್ಯೂಟರ್ ಕ್ಯಾಬಿನೆಟ್‌ಗಳು ಬಂದು ಕುಳಿತಿವೆ. ಒಳಗೆ ತಿರುಗುವ ಫ್ಯಾನುಗಳು ಕೇವಲ ಗಾಳಿ ಬೀಸುವುದಿಲ್ಲ. ಬಣ್ಣಬಣ್ಣದ ಬೆಳಕನ್ನೂ ಚೆಲ್ಲುತ್ತವೆ.

ಸಮಸ್ಯೆ ಆರಂಭವಾಗುವುದು ಆ ಬೆಳಕನ್ನು ತಂತ್ರಾಂಶದ ಮೂಲಕ ನಿಯಂತ್ರಿಸಲು ಹೊರಟಾಗ. ಪರದೆಯ ಮೇಲೆ ನೀಲಿ ಬಣ್ಣ ಆರಿಸಿದರೆ ಫ್ಯಾನು ಕೆಂಪಾಗಿಯೇ ಉಳಿಯುತ್ತದೆ. ಮೂರು ಫ್ಯಾನುಗಳಲ್ಲಿ ಎರಡು ಬೆಳಗಿ ಒಂದು ಕತ್ತಲಾಗುತ್ತದೆ. ಕಂಪ್ಯೂಟರ್ ಬಂದ್ ಮಾಡಿದರೂ ದೀಪ ಆರುವುದಿಲ್ಲ. ಇದು ಬರಿಯ ಶೋಕಿಯ ವಿಷಯವೆಂದು ತಳ್ಳಿಹಾಕುವಂತಿಲ್ಲ. ಅವಸರದಲ್ಲಿ ತಪ್ಪು ಜಾಗಕ್ಕೆ ಚುಚ್ಚಿದ ಒಂದು ತಂತಿ ಸಾವಿರಾರು ರೂಪಾಯಿಯ ಫ್ಯಾನುಗಳನ್ನು ಕ್ಷಣಮಾತ್ರದಲ್ಲಿ ಸುಡಬಲ್ಲದು. ಬೆಂಗಳೂರಿನಲ್ಲಿದ್ದವರಿಗೆ ಬದಲಿ ಭಾಗ ಸಂಜೆಯೊಳಗೆ ಸಿಕ್ಕೀತು. ಸಣ್ಣ ಪಟ್ಟಣದಲ್ಲಿ ಅದು ಪಾರ್ಸೆಲ್ ಹೋಗಿ ಬರುವ ಮಾತು. ಮದುವೆ ಹಂಗಾಮಿನಲ್ಲಿ ಸ್ಟುಡಿಯೊದ ಕಂಪ್ಯೂಟರ್ ಒಂದು ವಾರ ನಿಂತರೆ ಆಗುವ ನಷ್ಟವನ್ನು ವಿವರಿಸಬೇಕಾಗಿಲ್ಲ.

ಮಗ್ಗದ ಎಳೆ, ದೀಪದ ಸಾಲು

ಈ ಬೆಳಕಿನ ವ್ಯವಸ್ಥೆಯನ್ನು ಅರಿಯಲು ರಬಕವಿ-ಬನಹಟ್ಟಿಯ ನೇಕಾರರಿಗೆ ಪರಿಚಿತವಾದ ಉದಾಹರಣೆಯೊಂದು ಸಾಕು. ಸಾದಾ ಮಗ್ಗದಲ್ಲಿ ಹಾಸಿನ ಎಳೆಗಳು ಗುಂಪುಗುಂಪಾಗಿ ಮೇಲೇಳುತ್ತವೆ, ಕೆಳಗಿಳಿಯುತ್ತವೆ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಸಾಧನ ರಂಧ್ರ ಕೊರೆದ ಕಾರ್ಡುಗಳ ಮೂಲಕ ಆ ಎಳೆಗಳನ್ನು ಬೇರೆಬೇರೆಯಾಗಿ ಎತ್ತಲು ದಾರಿ ಮಾಡಿತು. ಸೀರೆಯ ಸೆರಗಿನಲ್ಲಿ ಸೂಕ್ಷ್ಮ ವಿನ್ಯಾಸ ಮೂಡಿಸುವುದು ಸುಲಭವಾದದ್ದು ಹಾಗೆ.

ಕಂಪ್ಯೂಟರ್ ಫ್ಯಾನುಗಳ ದೀಪಗಳಲ್ಲಿಯೂ ಇಂಥದ್ದೇ ಎರಡು ಬಗೆಗಳಿವೆ. ಮೊದಲನೆಯದು ಆರ್‌ಜಿಬಿ. ಇದರಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ. ಸಾಲಿನ ಎಲ್ಲ ದೀಪಗಳೂ ಒಂದೇ ಬಣ್ಣ ತಾಳುತ್ತವೆ. ಎರಡನೆಯದು ಎಆರ್‌ಜಿಬಿ. ಇದರಲ್ಲಿ ಪ್ರತಿ ದೀಪದೊಳಗೂ ಒಂದು ಪುಟ್ಟ ಚಿಪ್ ಇದ್ದು, ಪ್ರತಿಯೊಂದಕ್ಕೂ ಪ್ರತ್ಯೇಕ ಆಜ್ಞೆ ನೀಡಬಹುದು. ಕಾಮನಬಿಲ್ಲು ಸುತ್ತಿ ಹರಿದಂತೆ ಕಾಣುವುದು ಈ ಬಗೆಯಲ್ಲಿ ಮಾತ್ರ.

ಈ ವರ್ಗದಲ್ಲಿ ಪ್ರಸಿದ್ಧವಾದ ಡಬ್ಲ್ಯುಎಸ್2812ಬಿ ಎಂಬ ದೀಪದ ಕಾರ್ಯವಿಧಾನ ಸರಳವಾಗಿದೆ. ಪ್ರತಿ ದೀಪಕ್ಕೆ 24 ಬಿಟ್‌ಗಳ ಸಂದೇಶ ಬೇಕು. ಒಂದೊಂದು ಬಣ್ಣಕ್ಕೆ 8 ಬಿಟ್. ಸಾಲಿನ ಮೊದಲ ದೀಪ ತನ್ನ ಪಾಲಿನ 24 ಬಿಟ್‌ಗಳನ್ನು ಇಟ್ಟುಕೊಂಡು ಉಳಿದದ್ದನ್ನು ಮುಂದಿನ ದೀಪಕ್ಕೆ ದಾಟಿಸುತ್ತದೆ. ಪಂಕ್ತಿಯಲ್ಲಿ ಕುಳಿತವರು ತಮ್ಮ ಎಲೆಗೆ ಬೇಕಾದಷ್ಟು ಬಡಿಸಿಕೊಂಡು ಪಾತ್ರೆಯನ್ನು ಪಕ್ಕದವರಿಗೆ ಸರಿಸಿದಂತೆ. ಸೆಕೆಂಡಿಗೆ 8 ಲಕ್ಷ ಬಿಟ್‌ಗಳ ವೇಗದಲ್ಲಿ 100 ದೀಪಗಳಿಗೆ ಸಂದೇಶ ತಲುಪಲು ಸುಮಾರು 3 ಮಿಲಿಸೆಕೆಂಡ್ ಸಾಕು.

ಈ ವಿಧಾನದಿಂದಲೇ ರೋಗಪತ್ತೆಯ ಮೊದಲ ಸೂತ್ರವೂ ದೊರೆಯುತ್ತದೆ. ಸಾಲಿನ ಮಧ್ಯದ ಒಂದು ದೀಪ ಕೆಟ್ಟರೆ ಅದರ ನಂತರದ ದೀಪಗಳಿಗೆ ಆಜ್ಞೆ ತಲುಪುವುದಿಲ್ಲ. ಆದ್ದರಿಂದ ಒಂದು ಬಿಂದುವಿನವರೆಗೆ ಬೆಳಕಿದ್ದು ಮುಂದೆ ಕತ್ತಲಿದ್ದರೆ ತಂತ್ರಾಂಶವನ್ನಷ್ಟೇ ಶಂಕಿಸಬಾರದು. ದೋಷ ಆ ಗಡಿಯಲ್ಲಿರುವ ದೀಪದಲ್ಲಿ ಅಥವಾ ಜೋಡಣೆಯಲ್ಲಿರಬಹುದು.

ಮೂರು ಪಿನ್, ನಾಲ್ಕು ಪಿನ್

ಅತ್ಯಂತ ದುಬಾರಿಯಾದ ತಪ್ಪು ಸಂಭವಿಸುವುದು ಜೋಡಣೆಯ ಹಂತದಲ್ಲಿ. ಆರ್‌ಜಿಬಿ ಜೋಡಣೆಗೆ ನಾಲ್ಕು ಪಿನ್, 12 ವೋಲ್ಟ್. ಎಆರ್‌ಜಿಬಿ ಜೋಡಣೆಗೆ ಮೂರು ಪಿನ್, 5 ವೋಲ್ಟ್. ನಾಲ್ಕು ಪಿನ್‌ಗಳ ಜಾಗದಲ್ಲಿ ಒಂದು ಖಾಲಿ. 5 ವೋಲ್ಟಿನ ದೀಪಗಳನ್ನು 12 ವೋಲ್ಟಿನ ಪಿನ್‌ಗಳಿಗೆ ಬಲವಂತವಾಗಿ ಚುಚ್ಚಿದರೆ ದೀಪದೊಳಗಿನ ಚಿಪ್ ಸುಟ್ಟುಹೋಗುತ್ತದೆ. ಯಾವ ತಂತ್ರಾಂಶವೂ ಅದನ್ನು ಮರಳಿ ಬದುಕಿಸದು. ಮದರ್‌ಬೋರ್ಡಿನ ಮೇಲೆ ಪಿನ್‌ಗಳ ಪಕ್ಕದಲ್ಲಿ ಮುದ್ರಿತವಾದ ಅಕ್ಷರಗಳನ್ನೂ ಕೈಪಿಡಿಯನ್ನೂ ನೋಡಿಯೇ ಕೈಹಾಕಬೇಕು. ಅದಕ್ಕೂ ಮೊದಲು ಕಂಪ್ಯೂಟರನ್ನು ಬಂದ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಒಳಗುಳಿದ ವಿದ್ಯುತ್ತನ್ನು ಹರಿಯಗೊಡಬೇಕು.

ಇನ್ನೊಂದು ಮಿತಿ ವಿದ್ಯುತ್ ಪ್ರವಾಹದ್ದು. ಅನೇಕ ಮದರ್‌ಬೋರ್ಡುಗಳಲ್ಲಿ ಇಂಥ ಒಂದು ಜೋಡಣೆಗೆ 3 ಆಂಪಿಯರ್ ಗರಿಷ್ಠ. ಪೂರ್ಣ ಬಿಳಿ ಬೆಳಕಿನಲ್ಲಿ ಕೆಲವು ಬಗೆಯ ದೀಪ 60 ಮಿಲಿಆಂಪಿಯರ್‌ವರೆಗೆ ಎಳೆಯುತ್ತದೆ. ಅಂದರೆ 50 ದೀಪಗಳಿಗೇ ಲೆಕ್ಕ ಮುಗಿಯಿತು. ಸಾಲು ಉದ್ದವಾದಂತೆ ತುದಿಯ ಬಿಳಿ ಬೆಳಕು ಹಳದಿ ಅಥವಾ ಕೆಂಪಿನತ್ತ ತಿರುಗಿದರೆ ವೋಲ್ಟೇಜ್ ಕುಸಿಯುತ್ತಿದೆ ಎಂದರ್ಥ. ನೀಲಿ ದೀಪಕ್ಕೆ ಹೆಚ್ಚು ವೋಲ್ಟೇಜ್ ಬೇಕಾದ್ದರಿಂದ ಮೊದಲು ಮಂಕಾಗುವುದು ಅದೇ. ಇಂಥಲ್ಲಿ ಪವರ್ ಸಪ್ಲೈನಿಂದ ನೇರವಾಗಿ ವಿದ್ಯುತ್ ಪಡೆಯುವ ಹಬ್ ಬಳಸುವುದು ಸೂಕ್ತ.

ಮರುಮಾತಿಲ್ಲದ ಆಜ್ಞೆ

ಬಳಕೆದಾರರನ್ನು ಹೆಚ್ಚು ದಾರಿ ತಪ್ಪಿಸುವ ಸಂಗತಿಯೊಂದಿದೆ. ಮದರ್‌ಬೋರ್ಡಿನಿಂದ ದೀಪಗಳಿಗೆ ಹೋಗುವ ಸಂದೇಶ ಸಾಮಾನ್ಯವಾಗಿ ಏಕಮುಖವಾದುದು. ದೀಪ ಮರಳಿ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಪಿನ್‌ಗಳಿಗೆ ಫ್ಯಾನು ಜೋಡಿಸಿದೆಯೇ, ಎಷ್ಟು ದೀಪಗಳಿವೆ, ಅವು ಬೆಳಗುತ್ತಿವೆಯೇ ಎಂಬುದು ತಂತ್ರಾಂಶಕ್ಕೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ಪರದೆಯ ಮೇಲೆ ಕಾಣುವ ಚಂದದ ಚಿತ್ರ ತಂತ್ರಾಂಶದ ಊಹೆಯೇ ಹೊರತು ಫ್ಯಾನಿನ ವರದಿಯಲ್ಲ. ತಂತ್ರಾಂಶದಲ್ಲಿ ಎಲ್ಲವೂ ಸರಿಯಿದೆ, ಆದ್ದರಿಂದ ಫ್ಯಾನೇ ಕೆಟ್ಟಿದೆ ಎಂದು ನಿರ್ಧರಿಸುವುದು ಇದೇ ಕಾರಣಕ್ಕೆ ತಪ್ಪು.

ಯುಎಸ್‌ಬಿ ತಂತಿಯ ಮೂಲಕ ಮದರ್‌ಬೋರ್ಡಿಗೆ ಸೇರುವ ಹಬ್‌ಗಳ ವಿಷಯ ಬೇರೆ. ಅವು ತಮ್ಮ ಇರವನ್ನು ವಿಂಡೋಸ್‌ಗೆ ತಿಳಿಸುತ್ತವೆ. ತಂತ್ರಾಂಶ ಹಬ್ಬನ್ನು ಗುರುತಿಸದಿದ್ದರೆ ಮೊದಲು ನೋಡಬೇಕಾದದ್ದು ಡಿವೈಸ್ ಮ್ಯಾನೇಜರ್. ಅಲ್ಲಿಯೂ ಕಾಣದಿದ್ದರೆ ಒಳಗಿನ ಯುಎಸ್‌ಬಿ ತಂತಿ ಸಡಿಲವಾಗಿರಬಹುದು. ಅಲ್ಲಿ ಕಂಡು ತಂತ್ರಾಂಶದಲ್ಲಿ ಕಾಣದಿದ್ದರೆ ತಂತ್ರಾಂಶವನ್ನು ನವೀಕರಿಸಬೇಕು ಅಥವಾ ತೆಗೆದು ಮತ್ತೆ ಅಳವಡಿಸಬೇಕು.

ಕಡಿಮೆ ಬೆಲೆಯ ಅನೇಕ ಕ್ಯಾಬಿನೆಟ್‌ಗಳಲ್ಲಿ ಯುಎಸ್‌ಬಿ ಇರುವುದಿಲ್ಲ. ಬದಲಿಗೆ ಒಂದು ಗುಂಡಿ ಅಥವಾ ರಿಮೋಟ್ ಇರುತ್ತದೆ. ಇಂಥ ಹಬ್‌ಗೆ ಎರಡು ಸ್ಥಿತಿಗಳುಂಟು: ತನ್ನದೇ ವಿನ್ಯಾಸಗಳನ್ನು ತೋರಿಸುವುದು ಒಂದು, ಮದರ್‌ಬೋರ್ಡಿನ ಆಜ್ಞೆ ಪಾಲಿಸುವುದು ಇನ್ನೊಂದು. ಮೊದಲ ಸ್ಥಿತಿಯಲ್ಲಿರುವಾಗ ತಂತ್ರಾಂಶ ಎಷ್ಟು ಕೂಗಿದರೂ ಅದು ಕಿವಿಗೊಡದು. ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಅನೇಕ ಮಾದರಿಗಳಲ್ಲಿ ಸ್ಥಿತಿ ಬದಲಾಗುತ್ತದೆ. ಹಬ್‌ನಿಂದ ಮದರ್‌ಬೋರ್ಡಿಗೆ ಮೂರು ಪಿನ್ನಿನ ತಂತಿಯೂ ಹೋಗಿರಬೇಕು. ಆ ತಂತಿ ಕ್ಯಾಬಿನೆಟ್‌ನ ಹಿಂಬದಿಯಲ್ಲಿ ಜೋಡಣೆಯಾಗದೆ ತೂಗುತ್ತಿರುವ ಸಾಧ್ಯತೆಯನ್ನು ಮರೆಯಬಾರದು.

ಒಂದು ಮನೆಗೆ ಇಬ್ಬರು ಯಜಮಾನರು

ಜೋಡಣೆ ಸರಿಯಿದ್ದೂ ಬಣ್ಣ ತಾನೇ ತಾನಾಗಿ ಬದಲಾಗುತ್ತಿದ್ದರೆ, ಮಿನುಗುತ್ತಿದ್ದರೆ ಆಗ ತಂತ್ರಾಂಶದತ್ತ ತಿರುಗಬೇಕು. ಆಸುಸ್‌ಗೆ ಆರ್ಮರಿ ಕ್ರೇಟ್, ಎಂಎಸ್‌ಐಗೆ ಮಿಸ್ಟಿಕ್ ಲೈಟ್, ಗಿಗಾಬೈಟ್‌ಗೆ ಆರ್‌ಜಿಬಿ ಫ್ಯೂಷನ್, ಎಎಸ್‌ರಾಕ್‌ಗೆ ಪಾಲಿಕ್ರೋಮ್, ಕೋರ್ಸೇರ್‌ಗೆ ಐಕ್ಯೂ ಹೀಗೆ ತಯಾರಕರಿಗೊಂದು ತಂತ್ರಾಂಶವಿದೆ. ಮದರ್‌ಬೋರ್ಡ್ ಒಂದು ಕಂಪನಿಯದು, ಫ್ಯಾನು ಇನ್ನೊಂದರದು, ರ‍್ಯಾಮ್ ಮತ್ತೊಂದರದು ಆದಾಗ ಮೂರು ತಂತ್ರಾಂಶಗಳು ಏಕಕಾಲಕ್ಕೆ ಅಳವಡಿಕೆಯಾಗಿರುತ್ತವೆ. ಒಂದೇ ನಿಯಂತ್ರಕಕ್ಕೆ ಎರಡು ಕಡೆಯಿಂದ ಆಜ್ಞೆ ಹೋದರೆ ಗೊಂದಲ ತಪ್ಪಿದ್ದಲ್ಲ.

ಇದಕ್ಕೆ 2023ರಲ್ಲಿ ವಿಂಡೋಸ್ 11ಕ್ಕೆ ಸೇರ್ಪಡೆಯಾದ ಡೈನಾಮಿಕ್ ಲೈಟಿಂಗ್ ಎಂಬ ಸೌಲಭ್ಯವೂ ಕೂಡಿಕೊಂಡಿದೆ. ಹೊಂದುವ ಉಪಕರಣಗಳ ಬೆಳಕನ್ನು ವಿಂಡೋಸ್ ತಾನೇ ನಿಯಂತ್ರಿಸುವ ವ್ಯವಸ್ಥೆ ಇದು. ಉದ್ದೇಶ ಒಳ್ಳೆಯದೇ. ಆದರೆ ತಯಾರಕರ ತಂತ್ರಾಂಶವನ್ನೂ ಚಾಲನೆಯಲ್ಲಿಟ್ಟರೆ ಇಬ್ಬರು ಯಜಮಾನರಾಗುತ್ತಾರೆ. ಸೆಟ್ಟಿಂಗ್ಸ್‌ನ ಪರ್ಸನಲೈಸೇಷನ್ ವಿಭಾಗದಲ್ಲಿ ಇದನ್ನು ಬಂದ್ ಮಾಡಬಹುದು. ಇಲ್ಲವೇ ಇದನ್ನೇ ಉಳಿಸಿಕೊಂಡು ಉಳಿದವನ್ನು ತೆಗೆದುಹಾಕಬಹುದು. ಯಾವುದಾದರೂ ಒಂದನ್ನು ಮಾತ್ರ ಇಟ್ಟುಕೊಳ್ಳುವುದು ನಿಯಮ.

ಮತ್ತೊಂದು ಸಾಮಾನ್ಯ ದೋಷ ಲೆಕ್ಕದ್ದು. ದೀಪಗಳು ಸಂಖ್ಯೆ ಹೇಳುವುದಿಲ್ಲವಾದ್ದರಿಂದ ಬಳಕೆದಾರರೇ ಅದನ್ನು ತಂತ್ರಾಂಶದಲ್ಲಿ ನಮೂದಿಸಬೇಕಾಗುತ್ತದೆ. ಕಡಿಮೆ ನಮೂದಿಸಿದರೆ ಕೊನೆಯ ದೀಪಗಳು ಕತ್ತಲಾಗಿರುತ್ತವೆ ಅಥವಾ ಹಳೆಯ ಬಣ್ಣದಲ್ಲೇ ನಿಂತಿರುತ್ತವೆ. ಹೆಚ್ಚು ನಮೂದಿಸಿದರೆ ಓಡುವ ಬೆಳಕು ತುದಿ ತಲುಪಿ, ಇಲ್ಲದ ದೀಪಗಳ ಸರದಿ ಮುಗಿಯುವವರೆಗೆ ಮಾಯವಾಗುತ್ತದೆ. ಕವಲು ತಂತಿಯಿಂದ ಜೋಡಿಸಿದ ಫ್ಯಾನುಗಳೆಲ್ಲವೂ ಒಂದೇ ವಿನ್ಯಾಸ ತೋರುವುದು ದೋಷವಲ್ಲ; ಎಲ್ಲಕ್ಕೂ ಅದೇ ಸಂದೇಶ ಹೋಗುತ್ತಿರುತ್ತದೆ. ಬೆಳಕು ಒಂದು ಫ್ಯಾನಿನಿಂದ ಇನ್ನೊಂದಕ್ಕೆ ಹರಿಯಬೇಕಾದರೆ ಅವನ್ನು ಒಂದರ ಹಿಂದೊಂದು ಸರಪಳಿಯಂತೆ ಜೋಡಿಸಬೇಕು.

ಬಣ್ಣಕ್ಕಾಗಿ ಬೀಗ ತೆಗೆಯಬೇಡಿ

ಬೆಳಕಿನ ಕೆಲವು ತಂತ್ರಾಂಶಗಳು ಯಂತ್ರದ ಒಳಭಾಗವನ್ನು ನೇರವಾಗಿ ಮುಟ್ಟಲು ಕೆಳಮಟ್ಟದ ಡ್ರೈವರ್‌ಗಳನ್ನು ಬಳಸುತ್ತವೆ. ಇಂಥ ಅನೇಕ ಉಪಯುಕ್ತ ತಂತ್ರಾಂಶಗಳು ಅವಲಂಬಿಸಿದ್ದ ವಿನ್‌ರಿಂಗ್0 ಎಂಬ ಡ್ರೈವರ್‌ನಲ್ಲಿ ಭದ್ರತಾ ಲೋಪವಿರುವುದು 2020ರಲ್ಲೇ ದಾಖಲಾಗಿತ್ತು. 2025ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಅದನ್ನು ಅಪಾಯಕಾರಿಯೆಂದು ಗುರುತಿಸಿ ತಡೆಯತೊಡಗಿತು. ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದ ತಂತ್ರಾಂಶ ಏಕಾಏಕಿ ನಿಂತುಹೋಗಲು ಇಂಥದ್ದೂ ಕಾರಣವಾಗಬಹುದು.

ಆಗ ಸುಲಭವಾಗಿ ಸಿಗುವ ಸಲಹೆ ಡಿಫೆಂಡರನ್ನು ಬಂದ್ ಮಾಡಿ, ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆಯನ್ನು ತೆಗೆಯಿರಿ ಎಂಬುದು. ಅದೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರವೂ ಗ್ರಾಹಕರ ಮದುವೆಯ ಚಿತ್ರಗಳೂ ಇರುವಾಗ ಬಣ್ಣದ ದೀಪಕ್ಕಾಗಿ ಮನೆಯ ಬೀಗ ತೆಗೆದಿಟ್ಟಂತಾಗುತ್ತದೆ. ತಯಾರಕರ ಅಧಿಕೃತ ತಾಣದಿಂದ ಹೊಸ ಆವೃತ್ತಿಯನ್ನು ಪಡೆಯುವುದೇ ಸರಿಯಾದ ಮಾರ್ಗ. ಹೊಸ ಆವೃತ್ತಿ ಇಲ್ಲದಿದ್ದರೆ ಹಬ್‌ನ ಗುಂಡಿಯಿಂದಲೇ ಬಣ್ಣ ಆರಿಸಿ ಸಮಾಧಾನ ಪಡುವುದು ಲೇಸು.

ಬಂದ್ ಮಾಡಿದ ಮೇಲೂ ಉರಿಯುವ ದೀಪಕ್ಕೆ ಉತ್ತರ ಬಯೋಸ್‌ನಲ್ಲಿದೆ. ಯಂತ್ರ ನಿಂತಾಗಲೂ ಮದರ್‌ಬೋರ್ಡಿಗೆ 5 ವೋಲ್ಟ್ ಹರಿಯುತ್ತಿರುತ್ತದೆ. ಬಯೋಸ್‌ನಲ್ಲಿ ಇಆರ್‌ಪಿ ಎಂಬ ಆಯ್ಕೆಯನ್ನು ಸಕ್ರಿಯಗೊಳಿಸಿದರೆ ಅಥವಾ ಬೆಳಕಿಗೆಂದೇ ಇರುವ ಆಯ್ಕೆಯನ್ನು ಬದಲಿಸಿದರೆ ಸಾಮಾನ್ಯವಾಗಿ ದೀಪ ಆರುತ್ತದೆ.

ಬೆಳಕು ಬೇರೆ, ಗಾಳಿ ಬೇರೆ

ಇಷ್ಟೆಲ್ಲದರ ನಡುವೆ ಮರೆಯಬಾರದ ಅಂಶವೊಂದಿದೆ. ಬಹುತೇಕ ಫ್ಯಾನುಗಳಲ್ಲಿ ದೀಪದ ತಂತಿಯೂ ಮೋಟಾರಿನ ತಂತಿಯೂ ಬೇರೆಬೇರೆ. ದೀಪ ಉರಿಯುತ್ತಿದೆ ಎಂದಮಾತ್ರಕ್ಕೆ ಫ್ಯಾನು ತಿರುಗುತ್ತಿದೆ ಎನ್ನಲಾಗದು. ಕತ್ತಲ ಕೋಣೆಯಲ್ಲಿ ಓಡುವ ಬೆಳಕನ್ನು ಕಂಡು ರೆಕ್ಕೆಯೇ ಓಡುತ್ತಿದೆಯೆಂದು ಕಣ್ಣು ಮೋಸಹೋಗುವುದುಂಟು.

ಬಾಗಲಕೋಟೆ ಜಿಲ್ಲೆಯ ಬೇಸಿಗೆಯಲ್ಲಿ ಹೊರಗಿನ ತಾಪಮಾನವೇ 40 ಡಿಗ್ರಿಯ ಆಸುಪಾಸು ತಲುಪುತ್ತದೆ. ಮಗ್ಗಗಳಿರುವ ಓಣಿಗಳಲ್ಲಿ ಹತ್ತಿಯ ನವಿರು ಧೂಳು ಕ್ಯಾಬಿನೆಟ್‌ನ ಜಾಲರಿಗೆ ಮೆತ್ತಿಕೊಳ್ಳುವುದು ಸಹಜ. ಗಾಳಿ ಕಡಿಮೆಯಾದರೆ ಪ್ರೊಸೆಸರ್ ಬಿಸಿಯಾಗಿ, ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಎರಡು ಗಂಟೆಯ ವಿಡಿಯೊ ಕೆಲಸ ಮೂರು ಗಂಟೆಗೆ ಎಳೆಯತೊಡಗಿದರೆ ಈ ಕಾರಣವನ್ನೂ ಪರಿಶೀಲಿಸಬೇಕು. ಬಯೋಸ್‌ನಲ್ಲಿ ಫ್ಯಾನಿನ ಸುತ್ತುಗಳ ಸಂಖ್ಯೆ ಕಾಣುತ್ತದೆ. ಹಬ್‌ಗೆ ಸೇರಿದ ಫ್ಯಾನುಗಳ ಸಂಖ್ಯೆ ಅಲ್ಲಿ ಕಾಣದಿದ್ದರೆ ಗಾಜಿನ ಬದಿ ತೆಗೆದು ಕಣ್ಣಾರೆ ನೋಡುವುದೇ ಸರಿ. ಬ್ಲೋವರ್‌ನಿಂದ ಧೂಳು ತೆಗೆಯುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಗಾಳಿಯ ರಭಸಕ್ಕೆ ಅತಿವೇಗವಾಗಿ ತಿರುಗಿದರೆ ಬೇರಿಂಗ್‌ಗೆ ಹಾನಿ.

ಒಟ್ಟಿನಲ್ಲಿ ಪರೀಕ್ಷೆಯ ಕ್ರಮ ಹೀಗಿರಲಿ. ಮೊದಲು ರೆಕ್ಕೆ ತಿರುಗುತ್ತಿದೆಯೇ ನೋಡುವುದು. ನಂತರ ಹಬ್‌ನ ಗುಂಡಿಗೆ ದೀಪ ಸ್ಪಂದಿಸುತ್ತದೆಯೇ ಎಂಬುದು. ಸ್ಪಂದಿಸಿದರೆ ದೀಪವೂ ವಿದ್ಯುತ್ತೂ ಸರಿಯಿವೆ. ಬಳಿಕ ಕೆಟ್ಟಂತೆ ಕಾಣುವ ಫ್ಯಾನನ್ನು ಸರಿಯಿರುವ ಫ್ಯಾನಿನ ಜಾಗಕ್ಕೆ ಬದಲಿಸುವುದು. ದೋಷ ಫ್ಯಾನಿನೊಂದಿಗೇ ಹೋದರೆ ಫ್ಯಾನಿನದು, ಜಾಗದಲ್ಲೇ ಉಳಿದರೆ ಹಬ್‌ನದು ಅಥವಾ ತಂತಿಯದು. ಇವೆಲ್ಲ ಮುಗಿದ ಮೇಲೆಯೇ ತಂತ್ರಾಂಶದ ಸರದಿ. ಬೆಳಕು ನಾಲ್ಕು ದಿನ ಆರಿದ್ದರೆ ಕೆಲಸವೇನೂ ನಿಲ್ಲದು. ಗಾಳಿ ನಿಂತರೆ ಮಾತ್ರ ಮಗ್ಗ ನಿಂತಂತೆಯೇ.