ಮನೆಯಲ್ಲಿಯೇ ಕೌದಿ ಹೊಲಿಗೆ: ಹೊಸದಾಗಿ ಕಲಿಯುವವರಿಗೆ ಹಾಗೂ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಜೋಡಿಸಿ, ಕೈಯಿಂದ ಹೊಲಿದು ಸಿದ್ಧಪಡಿಸುವ ಹೊದಿಕೆಗೆ ಕೌದಿ ಎಂದು ಹೆಸರು. ಉತ್ತರ ಕರ್ನಾಟಕದ ಮನೆಗಳಲ್ಲಿ ಕೂಸನ್ನು ಮಲಗಿಸಲು, ಚಳಿಗಾಲದಲ್ಲಿ ಹೊದೆಯಲು ಹಾಗೂ ನೆಲಕ್ಕೆ ಹಾಸಲು ಇದನ್ನು ಬಳಸಲಾಗುತ್ತದೆ. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಇದರ ಸೋದರಿಯನ್ನು ಗೋಧಡಿ ಎಂದೂ, ಬಂಗಾಳದಲ್ಲಿ ಕಾಂಥಾ ಎಂದೂ ಕರೆಯುವರು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ ಭಾಗದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕವಂದಿಗಳು ಹೊರದೇಶಗಳ ಪ್ರದರ್ಶನಗಳನ್ನೂ ಕಂಡಿವೆ.

ವಿಜಯಪುರ ನಗರ, ತಿಕೋಟಾ ಹಾಗೂ ಬಬಲೇಶ್ವರ ತಾಲೂಕುಗಳಲ್ಲಿ ಈ ವಿದ್ಯೆ ಬಹುಮಟ್ಟಿಗೆ ಹಿರಿಯ ಮಹಿಳೆಯರ ಕೈಯಲ್ಲಿ ಉಳಿದಿದೆ. ಇದಕ್ಕೆ ಬರೆದಿಟ್ಟ ಪಾಠವಿಲ್ಲ. ಪಕ್ಕದಲ್ಲಿ ಕುಳಿತು ನೋಡಿ ಕಲಿಯಬೇಕಾದದ್ದು. ಮನೆಯಲ್ಲಿ ಕಲಿಸುವ ಅಜ್ಜಿ ಅಥವಾ ಅತ್ತೆ ಇದ್ದಲ್ಲಿ ಈ ಬರಹಕ್ಕಿಂತ ಅವರೇ ಉತ್ತಮ ಗುರುಗಳು. ಅಂತಹ ಅನುಕೂಲವಿಲ್ಲದವರಿಗೂ, ಈ ಕೆಲಸವನ್ನು ಆದಾಯದ ಮೂಲವಾಗಿಸಿಕೊಂಡು ಸರ್ಕಾರದ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸಬಯಸುವವರಿಗೂ ಈ ಮಾಹಿತಿಯನ್ನು ನೀಡಲಾಗಿದೆ.

ಅವಶ್ಯಕ ಸಾಮಗ್ರಿಗಳು

ಕೌದಿ ಹೊಲಿಯಲು ಯಂತ್ರ ಬೇಕಾಗಿಲ್ಲ. ಈ ಕೆಳಕಂಡ ಸಾಮಗ್ರಿಗಳು ಸಾಕು:

1. ಮೆತ್ತಗಾದ ಹಳೆಯ ಹತ್ತಿ ಸೀರೆ, ಧೋತರ ಅಥವಾ ಹಾಸಿಗೆ ಬಟ್ಟೆ.
2. ಮೇಲೆ ಹಚ್ಚಲು ಬಣ್ಣದ ಅರಿವೆ ತುಂಡುಗಳು.
3. ದಪ್ಪ ಹತ್ತಿ ದಾರ ಹಾಗೂ ದಾರ ಸುಲಭವಾಗಿ ಪೋಣಿಸಬಹುದಾದ ಉದ್ದನೆಯ ಸೂಜಿ.
4. ಕತ್ತರಿ, ಅಳತೆ ಪಟ್ಟಿ, ಸೀಮೆಸುಣ್ಣ ಮತ್ತು ಬೆರಳಿನ ರಕ್ಷಣೆಗೆ ಅಂಗುಸ್ತಾನ.

ಎಲ್ಲ ಬಟ್ಟೆಗಳನ್ನು ಮೊದಲೇ ಒಗೆದು ಬಿಸಿಲಿನಲ್ಲಿ ಒಣಗಿಸತಕ್ಕದ್ದು. ಹೊಸ ಬಟ್ಟೆ ಸೇರಿಸುವುದಿದ್ದಲ್ಲಿ ಅದನ್ನೂ ಒಗೆಯಬೇಕು. ಇಲ್ಲವಾದಲ್ಲಿ ಮೊದಲ ಒಗೆತದಲ್ಲಿಯೇ ಅದು ಕುಗ್ಗಿ, ಕೌದಿ ಸುಕ್ಕುಗಟ್ಟುವುದು. ಕೆಂಪು ಮತ್ತು ಕಡುನೀಲಿ ಅರಿವೆಗಳ ಮೂಲೆಯನ್ನು ನೀರಿನಲ್ಲಿ ನೆನೆಸಿ ಬಿಳಿ ಬಟ್ಟೆಗೆ ಒತ್ತಿ, ಬಣ್ಣ ಬಿಡುವುದೇ ಎಂದು ಪರೀಕ್ಷಿಸಬೇಕು. ನೈಲಾನ್ ಮತ್ತು ಪಾಲಿಯೆಸ್ಟರ್ ಸೀರೆಗಳು ಬೆವರನ್ನು ಹೀರುವುದಿಲ್ಲ, ಹೊಲಿಯುವಾಗ ಜಾರುತ್ತವೆ. ಆದುದರಿಂದ ಕಲಿಕೆಯ ಹಂತದಲ್ಲಿ ಇವುಗಳನ್ನು ಬಳಸದಿರುವುದು ಸೂಕ್ತ.

ಮೊದಲ ಕೌದಿ ಚಿಕ್ಕದಿರಲಿ

ಹೊಸದಾಗಿ ಕಲಿಯುವವರು ಮೊದಲಿಗೇ ದೊಡ್ಡ ಕೌದಿಗೆ ಕೈಹಾಕಿ, ಅರ್ಧಕ್ಕೆ ಸುತ್ತಿಟ್ಟುಬಿಡುವುದುಂಟು. 24 ಅಂಗುಲ ಅಗಲ ಹಾಗೂ 30 ಅಂಗುಲ ಉದ್ದದ ಕೂಸಿನ ಕೌದಿಯಿಂದ ಆರಂಭಿಸುವುದು ಯೋಗ್ಯ. ಇದಕ್ಕೆ ಮೂರು ಅಥವಾ ನಾಲ್ಕು ಪದರ ಸಾಕು. ಪದರ ಹೆಚ್ಚಾದಷ್ಟೂ ಸೂಜಿ ದಾಟಿಸುವುದು ಕಷ್ಟವಾಗುವುದು.

ಹೊಲಿಯುವ ವಿಧಾನ

1. ಗುಡಿಸಿ ಒರೆಸಿದ ಸಮತಟ್ಟಾದ ನೆಲದ ಮೇಲೆ ತಳದ ಅರಿವೆಯನ್ನು ಹಾಸಿ, ಅದರ ಮೇಲೆ ಒಳಪದರಗಳನ್ನೂ, ಕೊನೆಯಲ್ಲಿ ಮೇಲಿನ ಅರಿವೆಯನ್ನೂ ಹಾಸುವುದು. ತಳದ ಮತ್ತು ಮೇಲಿನ ಅರಿವೆಗಳು ಒಳಪದರಕ್ಕಿಂತ ಸುತ್ತಲೂ ಅರ್ಧ ಅಂಗುಲ ಹೆಚ್ಚಿರಬೇಕು.

2. ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರಿ ಸುಕ್ಕು ತೆಗೆದು, ನಡುವಿನಿಂದ ನಾಲ್ಕೂ ದಿಕ್ಕಿಗೆ ಉದ್ದುದ್ದನೆಯ ಕಚ್ಚಾ ಹೊಲಿಗೆ ಹಾಕುವುದು. ಈ ಹೊಲಿಗೆಯನ್ನು ಕೊನೆಯಲ್ಲಿ ಬಿಚ್ಚಬೇಕಾಗಿದ್ದರೂ ಇದನ್ನು ಬಿಡುವಂತಿಲ್ಲ. ಕಚ್ಚಾ ಹೊಲಿಗೆ ಇಲ್ಲದಿದ್ದಲ್ಲಿ ಪದರಗಳು ಸರಿದು, ಸುಕ್ಕೆಲ್ಲವೂ ನಡುವಿಗೆ ಬಂದು ಸೇರುವುದು.

3. ಹೆಚ್ಚುವರಿ ಅರ್ಧ ಅಂಗುಲವನ್ನು ಒಳಕ್ಕೆ ಮಡಚಿ ನಾಲ್ಕೂ ಅಂಚುಗಳನ್ನು ಹೊಲಿಯುವುದು.

4. ಅಂಚಿನಿಂದ ಆರಂಭಿಸಿ, ಅರ್ಧ ಅಂಗುಲ ಅಂತರದಲ್ಲಿ ಸುತ್ತು ಸುತ್ತಾಗಿ ಒಳಮುಖವಾಗಿ ಹೊಲಿಯುತ್ತಾ ನಡುವನ್ನು ತಲುಪುವುದು. ಸೂಜಿಯು ಕಾಲು ಅಂಗುಲ ಮೇಲೆ, ಕಾಲು ಅಂಗುಲ ಕೆಳಗೆ ಸಾಗಲಿ. ಎಲ್ಲ ಪದರಗಳನ್ನೂ ದಾಟಿದೆಯೇ ಎಂದು ಆಗಾಗ್ಗೆ ತಿರುಗಿಸಿ ನೋಡಬೇಕು.

5. ಬಣ್ಣದ ತುಂಡುಗಳ ಅಂಚನ್ನು ಒಳಮಡಚಿ, ಆಯಾ ಸ್ಥಳಕ್ಕೆ ಹೊಲಿಗೆ ಬಂದಾಗ ಅದರೊಂದಿಗೇ ಸೇರಿಸಿ ಹೊಲಿಯುವುದು.

ದಾರವು ಒಂದು ಕೈ ಉದ್ದಕ್ಕಿಂತ ಹೆಚ್ಚಿದ್ದಲ್ಲಿ ಗಂಟಾಗುವುದು. ಗಂಟನ್ನು ಪದರಗಳ ಒಳಗೆ ಮರೆಮಾಡಬೇಕು. ಕೂಸಿನ ಮೈಗೆ ಗಂಟು ಒತ್ತಬಾರದು. ಹೊಲಿಗೆಯನ್ನು ತೀರಾ ಬಿಗಿಯಾಗಿ ಎಳೆಯಬಾರದು. ಕೆಲಸ ನಿಲ್ಲಿಸಿದಾಗಲೆಲ್ಲಾ ಸೂಜಿಗಳನ್ನು ಎಣಿಸಿಟ್ಟುಕೊಳ್ಳತಕ್ಕದ್ದು.

ಶ್ರಮದ ಲೆಕ್ಕ

ಬಟ್ಟೆ ಮನೆಯದೇ ಆದುದರಿಂದ ಕೌದಿಗೆ ಖರ್ಚಿಲ್ಲವೆಂದು ಭಾವಿಸಿ, ಕೇಳಿದಷ್ಟಕ್ಕೆ ಹೊಲಿದುಕೊಡುವ ಮಹಿಳೆಯರಿದ್ದಾರೆ. ಕೌದಿಯ ನಿಜವಾದ ಬೆಲೆ ಇರುವುದು ಹೊಲಿಗೆಯಲ್ಲಿ. 24 ಅಂಗುಲ ಅಗಲ, 30 ಅಂಗುಲ ಉದ್ದದ ಕೂಸಿನ ಕೌದಿಯಲ್ಲಿ ಅರ್ಧ ಅಂಗುಲ ಅಂತರದ ಹೊಲಿಗೆಯ ಒಟ್ಟು ಉದ್ದ ಸುಮಾರು 40 ಗಜ. 5 ಅಡಿ ಅಗಲ, 7 ಅಡಿ ಉದ್ದದ ದೊಡ್ಡ ಕೌದಿಯಲ್ಲಿ ಇದು ಸುಮಾರು 280 ಗಜ, ಅಂದರೆ ಏಳು ಪಟ್ಟು. ಒಬ್ಬರು ಗಂಟೆಗೆ 4 ಗಜ ಹೊಲಿದರೆ ಮೊದಲನೆಯದಕ್ಕೆ 10 ಗಂಟೆ, ಎರಡನೆಯದಕ್ಕೆ 70 ಗಂಟೆ ಬೇಕು.

ಆದುದರಿಂದ ಮೊದಲ ಕೌದಿಯನ್ನು ಹೊಲಿಯುವಾಗ ದಿನಕ್ಕೆ ಎಷ್ಟು ಹೊತ್ತು ಕುಳಿತಿರೆಂಬುದನ್ನು ಒಂದು ವಹಿಯಲ್ಲಿ ಬರೆದಿಡುವುದು. ಮುಂದೆ ಕೂಲಿ ನಿಗದಿಪಡಿಸುವಾಗ ಇದೇ ಆಧಾರ. ಗಿರಾಕಿಗಳೇ ಬಟ್ಟೆ ಕೊಟ್ಟಲ್ಲಿ ದಾರದ ಖರ್ಚು ಮತ್ತು ಗಂಟೆಗಳ ಕೂಲಿಯನ್ನು ಕೆಲಸ ಹಿಡಿಯುವ ಮುನ್ನವೇ ತಿಳಿಸತಕ್ಕದ್ದು.

ಲಭ್ಯವಿರುವ ಸೌಲಭ್ಯಗಳು

*ಸ್ವಸಹಾಯ ಗುಂಪು:* ಗ್ರಾಮೀಣ ಮಹಿಳೆಯರು ಸಂಜೀವಿನಿ ಯೋಜನೆಯಡಿ ಗುಂಪಿಗೆ ಸೇರಲು ತಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬಹುದಾಗಿದೆ. ದೊಡ್ಡ ಕೌದಿಗೆ ನಾಲ್ವರು ನಾಲ್ಕು ಅಂಚಿನಲ್ಲಿ ಕುಳಿತರೆ ಕೆಲಸ ಬೇಗ ಸಾಗುವುದು.

*ಉದ್ಯಮ್ ನೋಂದಣಿ:* 2020ರ ಜುಲೈ 1ರಿಂದ ಜಾರಿಗೆ ಬಂದ ಈ ನೋಂದಣಿಯನ್ನು ಮನೆಯಿಂದ ನಡೆಸುವ ಕಿರು ಉದ್ಯಮಕ್ಕೂ ಪಡೆಯಬಹುದು. ಸರ್ಕಾರವು ಇದಕ್ಕೆ ಯಾವುದೇ ಶುಲ್ಕ ವಿಧಿಸಿರುವುದಿಲ್ಲ.

*ಕುಶಲಕರ್ಮಿ ಗುರುತಿನ ಚೀಟಿ:* ಕೇಂದ್ರ ಜವಳಿ ಮಂತ್ರಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯು ಕರಕುಶಲಕರ್ಮಿಗಳಿಗೆ ‘ಪಹಚಾನ್’ ಚೀಟಿಯನ್ನು ನೀಡುತ್ತದೆ. ಅರ್ಜಿದಾರರು ತಮ್ಮ ಕೈಕೆಲಸವನ್ನು ತೋರಿಸಲು ಸಿದ್ಧರಿರಬೇಕು.

*ಪಿ.ಎಂ. ವಿಶ್ವಕರ್ಮ:* 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯು 18 ಸಾಂಪ್ರದಾಯಿಕ ಕಸುಬುಗಳಿಗೆ ಅನ್ವಯಿಸುತ್ತದೆ. ಇದರಲ್ಲಿ ತರಬೇತಿ ಅವಧಿಗೆ ದಿನಕ್ಕೆ ರೂ. 500 ಭತ್ಯೆ, ಉಪಕರಣಗಳಿಗೆ ರೂ. 15,000ದವರೆಗೆ ನೆರವು ಹಾಗೂ ಶೇಕಡಾ 5ರ ಬಡ್ಡಿಯಲ್ಲಿ ಮೊದಲ ಕಂತಿನ ರೂ. 1 ಲಕ್ಷದವರೆಗಿನ ಸಾಲಕ್ಕೆ ಅವಕಾಶ ಕಲ್ಪಿಸಲಾಗಿದೆ. ಕೌದಿ ಹೊಲಿಗೆಯು ಈ ಪಟ್ಟಿಯಲ್ಲಿ ಪ್ರತ್ಯೇಕ ಕಸುಬಾಗಿ ಇಲ್ಲ. ದರ್ಜಿ ಕಸುಬು ಇದೆ. ಹೊಲಿಗೆಯನ್ನೇ ಸ್ವಂತ ಜೀವನೋಪಾಯವಾಗಿ ಮಾಡುತ್ತಿರುವವರು ಮಾತ್ರ ದರ್ಜಿ ಎಂದು ನಮೂದಿಸತಕ್ಕದ್ದು. ಈಗಷ್ಟೇ ಕಲಿಯುತ್ತಿರುವವರು ಹಾಗೆ ಬರೆದಲ್ಲಿ ಪರಿಶೀಲನೆಯಲ್ಲಿ ಅರ್ಜಿ ತಿರಸ್ಕೃತವಾಗಬಹುದು. ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ಮೊದಲು ಖಚಿತಪಡಿಸಿಕೊಳ್ಳುವುದು.

ಅರ್ಜಿದಾರರ ಗಮನಕ್ಕೆ

ಆಧಾರ್, ಅದಕ್ಕೆ ಜೋಡಣೆಯಾದ ಮೊಬೈಲ್ ಸಂಖ್ಯೆ, ಬ್ಯಾಂಕ್ ಪಾಸ್ ಪುಸ್ತಕ ಹಾಗೂ ಪಡಿತರ ಚೀಟಿಗಳನ್ನು ಸಿದ್ಧವಿಟ್ಟುಕೊಳ್ಳತಕ್ಕದ್ದು. ಎಲ್ಲ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇರಬೇಕು. ಮದುವೆಯ ನಂತರ ಹೆಸರು ಬದಲಾದ ಮಹಿಳೆಯರು ಇದನ್ನು ಮೊದಲೇ ಸರಿಪಡಿಸಿಕೊಳ್ಳುವುದು ಒಳಿತು. ಸೌಲಭ್ಯ ಕೊಡಿಸುವುದಾಗಿ ಹೇಳಿ ಹಣ ಕೇಳುವ ಮಧ್ಯವರ್ತಿಗಳಿಗೆ ಹಣವನ್ನಾಗಲೀ, ಮೊಬೈಲಿಗೆ ಬರುವ ಗುಪ್ತ ಸಂಖ್ಯೆಯನ್ನಾಗಲೀ ನೀಡಬಾರದು.

ಅರ್ಜಿ ನಮೂನೆಯಲ್ಲಿ ಉದ್ಯೋಗ ಎಂಬ ಅಂಕಣದೆದುರು ‘ಮನೆಗೆಲಸ’ ಎಂದಷ್ಟೇ ಬರೆಯುವುದು ರೂಢಿ. ವರ್ಷಗಳಿಂದ ಊರಿಗೆಲ್ಲ ಕೌದಿ ಹೊಲಿದುಕೊಟ್ಟವರೂ ಹೀಗೆಯೇ ಬರೆಸುತ್ತಾರೆ; ಅವರ ಕಸುಬು ಯಾವ ದಾಖಲೆಯಲ್ಲಿಯೂ ಕಾಣಿಸದೆ ಹೋಗುತ್ತದೆ. ಅಂತಹವರು ‘ಕೌದಿ ಹೊಲಿಗೆ’ ಎಂದು ಸ್ಪಷ್ಟವಾಗಿ ಬರೆಸಿ, ಹೊಲಿದ ಕೌದಿಯೊಂದನ್ನು ಅಥವಾ ಅದರ ಛಾಯಾಚಿತ್ರವನ್ನು ಜೊತೆಗೆ ಒಯ್ಯತಕ್ಕದ್ದು. ಹೊಸದಾಗಿ ಕಲಿಯುವವರು ಮೊದಲ ಕೂಸಿನ ಕೌದಿಯನ್ನು ಪೂರ್ಣಗೊಳಿಸಿ, ಗಂಟೆಗಳ ಲೆಕ್ಕ ಬರೆದಿಟ್ಟುಕೊಂಡ ನಂತರವೇ ಸಾಲದ ಬಗ್ಗೆ ಯೋಚಿಸುವುದು ಸೂಕ್ತ.

ಹೆಚ್ಚಿನ ಮಾಹಿತಿಗಾಗಿ ವಿಜಯಪುರದ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಅಥವಾ ತಮ್ಮ ವ್ಯಾಪ್ತಿಯ ಗ್ರಾಮ ಪಂಚಾಯಿತಿ ಇಲ್ಲವೇ ನಗರ ಸ್ಥಳೀಯ ಸಂಸ್ಥೆಯ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.