ಎತ್ತಿದ ಮುಂಗಾಲು

ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಸೀಮೆಯಲ್ಲಿ, ಪೈನ್ ಮರಗಳ ನಡುವಣ ಹುಲ್ಲಿನ ಮೇಲೆ ಚಳಿಗಾಲದ ಇಬ್ಬನಿ ಇನ್ನೂ ಆರದಿರುವ ಹೊತ್ತಿನಲ್ಲಿ, ಬಿಳಿಯ ಮೈಮೇಲೆ ಕಂದು ಮಚ್ಚೆಗಳುಳ್ಳ ಎಳೆಯ ಪಾಯಿಂಟರ್ ನಾಯಿಯೊಂದು ಗಾಳಿಗೆ ಮುಖವಿಟ್ಟು, ಈ ಬದುವಿನಿಂದ ಆ ಬದುವಿಗೆ ಅಡ್ಡಡ್ಡಲಾಗಿ ಓಡುತ್ತಿರುವುದು, ಓಡುತ್ತಿರುವಂತೆಯೇ ತಟಕ್ಕನೆ ನಿಂತುಬಿಡುತ್ತದೆ. ತೆರೆದಿದ್ದ ಬಾಯಿ ಮುಚ್ಚಿತು, ಬಾಲ ಸೆಟೆಯಿತು, ಮುಂದಿಡಲೆಂದು ಎತ್ತಿದ ಮುಂಗಾಲು ಹಾಗೆಯೇ ಮಡಿಚಿ ನಿಂತಿತು. ಮೈಯಲ್ಲಿ ಚಲಿಸುತ್ತಿರುವುದು ಹೊಳ್ಳೆಗಳೆರಡೇ. ಏಳೆಂಟು ಮಾರು ದೂರದ ಪೊದೆಯೊಳಗೆ, ನಮ್ಮ ಲಾವುಗೆಯನ್ನು ಹೋಲುವ ಬಾಬ್‌ವೈಟ್ ಹಕ್ಕಿಗಳ ಹಿಂಡೊಂದು ನೆಲಕ್ಕೆ ಅಂಟಿಕೊಂಡು ಕುಳಿತಿದೆ. ನಾಯಿಯ ಕಣ್ಣಿಗೆ ಅವು ಬಿದ್ದಿಲ್ಲ. ಗಾಳಿ ಹೊತ್ತು ತಂದ ವಾಸನೆಯಷ್ಟರಿಂದಲೇ ಅದು ಅವುಗಳ ನೆಲೆಯನ್ನು ಅರಿತಿದೆ.

ಈ ನಿಲುವನ್ನು ಅದಕ್ಕೆ ಕಲಿಸಿದವರು ಯಾರು? ಯಾರೂ ಅಲ್ಲ. 1859ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಡಾರ್ವಿನ್ನನು, ಮೊತ್ತಮೊದಲ ಸಲ ಹೊಲಕ್ಕೆ ಹೋದ ಪಾಯಿಂಟರ್ ಮರಿಯೂ ಕೆಲವೊಮ್ಮೆ ಹೀಗೆ ನಿಲ್ಲುವುದುಂಟೆಂದು, ತಾನೇ ಕಂಡ ನಿದರ್ಶನವನ್ನು ನೆನೆದು ಬರೆದನು. ಯೌವನದಲ್ಲಿ ಹಕ್ಕಿಬೇಟೆಯ ಹುಚ್ಚು ಹಿಡಿಸಿಕೊಂಡಿದ್ದ ಆತನಿಗೆ ಇದು ಕೇವಲ ಕೇಳಿದ ಮಾತಾಗಿರಲಿಲ್ಲ. ತೋಳ, ನರಿ, ಬೆಕ್ಕು ಮೊದಲಾದ ಬೇಟೆಗಾರ ಪ್ರಾಣಿಗಳೆಲ್ಲವೂ ಎರಗುವುದಕ್ಕೆ ಮುನ್ನ ಒಂದು ಕ್ಷಣ ಉಸಿರು ಬಿಗಿಹಿಡಿದು ನಿಲ್ಲುವುದನ್ನು ನಾವು ಬಲ್ಲೆವು. ಹುಡುಕು, ಹೊಂಚು, ಅಟ್ಟು, ಹಿಡಿ, ಕೊಲ್ಲು ಎಂಬ ಆ ಸರಪಣಿಯಲ್ಲಿ ಹೊಂಚಿನ ಕೊಂಡಿಯನ್ನು ಹಿಗ್ಗಿಸಿ, ಮುಂದಿನವನ್ನು ತಗ್ಗಿಸುತ್ತ, ತಲೆತಲಾಂತರವಾಗಿ ಮನುಷ್ಯನು ಮರಿಗಳನ್ನು ಆರಿಸಿದ ಫಲವೇ ಈ ತಳಿ. ಕೋವಿ ಬಳಕೆಗೆ ಬರುವ ಮೊದಲು, ಹೀಗೆ ನಿಂತು ಮೆಲ್ಲನೆ ಕುಸಿದು ಕೂರುವ ನಾಯಿಯ ಮೇಲಿನಿಂದ ಬಲೆಯನ್ನೆಳೆದು ಹಕ್ಕಿಗಳನ್ನು ಹಿಡಿಯುತ್ತಿದ್ದರು. ಇಂಥದೇ ಮತ್ತೊಂದು ತಳಿಗೆ ಸೆಟರ್ ಎಂಬ ಹೆಸರು ಬಂದುದು ಆ ಕುಳಿತುಕೊಳ್ಳುವಿಕೆಯಿಂದಲೇ. ನಮ್ಮ ಮುಧೋಳದ ನಾಯಿ ಕಣ್ಣನ್ನು ನಂಬಿ ಕಾಲಿನಿಂದ ಗೆಲ್ಲುವ ಪ್ರಾಣಿ; ಇದಾದರೋ ಮೂಗನ್ನು ನಂಬಿ, ಕಾಲನ್ನು ಕಟ್ಟಿಹಾಕಿಕೊಂಡು ಗೆಲ್ಲುವಂಥದು.

ಆ ಮೂಗಿನ ರಚನೆ ಬೆರಗು ಹುಟ್ಟಿಸುವಂತಹದು. ಮನುಷ್ಯನ ಮೂಗಿನಲ್ಲಿ ಗಂಧಗ್ರಾಹಿ ಕೋಶಗಳು ಸುಮಾರು 50 ಲಕ್ಷವಿದ್ದರೆ, ನಾಯಿಯಲ್ಲಿ 20 ಕೋಟಿಗೂ ಮೇಲ್ಪಟ್ಟು ಇವೆಯೆಂದು ಎಣಿಕೆ. ಮೂಸುವಾಗ ಅದು ಸೆಕೆಂಡಿಗೆ ಐದರಷ್ಟು ಸಲ ಗಾಳಿಯನ್ನೆಳೆಯುತ್ತದೆ. ಬಿಟ್ಟ ಉಸಿರು ಹೊಳ್ಳೆಯ ಪಕ್ಕದ ಸೀಳಿನಿಂದ ಹಿಂದಕ್ಕೆ ಹೋಗುವುದರಿಂದ ಮುಂದಿನ ವಾಸನೆ ಕದಡುವುದಿಲ್ಲ. ಹಕ್ಕಿಯಿಂದ ಹೊರಟ ಗಂಧವು ಗಾಳಿಯ ದಿಕ್ಕಿನಲ್ಲಿ ಬರಬರುತ್ತ ಅಗಲವಾಗಿ, ಮೊರದ ಆಕಾರದಲ್ಲಿ ಹರಡುತ್ತದೆ. ನಾಯಿ ಅಡ್ಡಡ್ಡಲಾಗಿ ಓಡುವುದು ಆ ಮೊರದ ಅಂಚನ್ನು ಎಲ್ಲಾದರೂ ತಗಲುವುದಕ್ಕಾಗಿ. ತೇವವಿರುವ ಬೆಳಗ್ಗೆ ಇದು ಸುಲಭ. ನೆಲ ಕಾದು ಒಣಗಿದ ಮಧ್ಯಾಹ್ನದಲ್ಲಿ ನುರಿತ ನಾಯಿಯೂ ತಪ್ಪುವುದುಂಟು.

ನಿಲ್ಲುವುದು ಹುಟ್ಟಿನಿಂದಲೇ ಬಂದಿದ್ದರೆ, ಶಿಕ್ಷಕನಿಗೆ ಉಳಿದ ಕೆಲಸವೇನು? ನಿಂತದ್ದು ನಿಂತೇ ಇರುವಂತೆ ಮಾಡುವುದು. ಎರಡು ಮೂರು ತಿಂಗಳ ಮರಿಯ ಮುಂದೆ, ಕೋಲಿನ ತುದಿಯ ದಾರಕ್ಕೆ ಹಕ್ಕಿಯ ರೆಕ್ಕೆಯೊಂದನ್ನು ಕಟ್ಟಿ ಆಡಿಸಿದರೆ, ಅದು ನಾಲ್ಕಾರು ಸಲ ಮೇಲೆರಗಿ, ಸಿಗದೆಹೋಗಿ, ಕೊನೆಗೆ ಕಾಲೆತ್ತಿ ನಿಲ್ಲುವುದು. ನೋಡುವವರಿಗೆ ಹರ್ಷವಾಗುವುದು ನಿಜ; ಆದರೆ ಇದು ಕಣ್ಣಿನ ನಿಲುವು, ಮೂಗಿನದಲ್ಲವಾದಕಾರಣ, ಒಂದೆರಡು ದಿನಕ್ಕೆ ಮೀರಿ ಈ ಆಟವನ್ನು ಬೆಳೆಸುವುದು ಸಲ್ಲದು.

ನಿಜವಾದ ಗುರು ಹಕ್ಕಿಯೇ. ಮರಿಯ ಕೊರಳಪಟ್ಟಿಗೆ ಇಪ್ಪತ್ತು ಮೂವತ್ತು ಅಡಿಯ ಹಗ್ಗವನ್ನು ಬಿಗಿದು, ಸ್ಪ್ರಿಂಗಿನ ಪಂಜರದೊಳಗೆ ಚೆನ್ನಾಗಿ ಹಾರಬಲ್ಲ ಪಾರಿವಾಳವೊಂದನ್ನಿಟ್ಟು ಹುಲ್ಲಿನಲ್ಲಿ ಮರೆಮಾಡಿ, ಗಾಳಿ ಮರಿಯ ಕಡೆಗೆ ಬೀಸುವಂತೆ ನೋಡಿಕೊಂಡು ಅದನ್ನು ಕರೆತರುತ್ತಾರೆ. ವಾಸನೆ ತಗುಲಿ ಮರಿ ನಿಂತರೆ ಸರಿ, ಶಿಕ್ಷಕನು ಮಾತಾಡದೆ ಕಾಯುತ್ತಾನೆ. ಒಂದು ಹೆಜ್ಜೆ ಮುಂದೆ ನುಗ್ಗಿತೋ, ಆ ಕ್ಷಣದಲ್ಲಿಯೇ ಪಂಜರ ಸಿಡಿದು ತೆರೆಯುವುದು, ಪಾರಿವಾಳ ಬರ್ರನೆ ಮೇಲೇರಿ ಹೊರಟುಹೋಗುವುದು. ಹೀಗೆ ಹತ್ತು ಸಲ ಆಗುವಷ್ಟರಲ್ಲಿ, ನುಗ್ಗಿದರೆ ಹಕ್ಕಿ ಉಳಿಯದು, ನಿಂತರೆ ಉಳಿಯುವುದು ಎಂಬ ನಿಯಮ, ಬೈಗುಳವಿಲ್ಲದೆ, ಪೆಟ್ಟಿಲ್ಲದೆ, ಮರಿಯ ಅರಿವಿಗೆ ಬರುತ್ತದೆ. ಗೂಡಿನಲ್ಲಿ ಸಾಕಿದ, ರೆಕ್ಕೆಯ ಕಸುವಿಲ್ಲದ ಲಾವುಗೆಯನ್ನು ಇಲ್ಲಿ ಬಳಸಕೂಡದು. ನುಗ್ಗಿದ ಮರಿಯ ಬಾಯಿಗೆ ಅಂಥದೊಂದು ಸಿಕ್ಕಿಬಿಟ್ಟರೆ ತಿಂಗಳುಗಳ ಪಾಠ ಮಣ್ಣುಪಾಲು. ಕುದುರೆಯನ್ನು ತಡೆಯುವ ‘ವೋ’ ಎಂಬ ಕೂಗನ್ನು ನಾಯಿಗೂ ಕಲಿಸುವರು. ಅದನ್ನು ಹಕ್ಕಿಯಿಲ್ಲದ ಅಂಗಳದಲ್ಲಿ ಮೊದಲು ಕಲಿಸಿ, ಹಕ್ಕಿಯ ಮುಂದೆ ಆದಷ್ಟು ಮೌನವಾಗಿರುವುದೇ ಲೇಸೆಂದು ನನ್ನ ದೃಢವಾದ ಅಭಿಪ್ರಾಯ. ಮೂಗಿನಲ್ಲಿ ತನ್ಮಯವಾದ ಪ್ರಾಣಿಯ ಕಿವಿಯಲ್ಲಿ ಕೂಗುವುದು ಧ್ಯಾನಸ್ಥನನ್ನು ಅಲುಗಿಸಿದಂತೆ.

ಕೋವಿಯ ಸದ್ದಿನ ವಿಷಯದಲ್ಲಿ ಆತುರಪಟ್ಟು ಕೆಡಿಸಿದ ನಾಯಿಗಳು ಎಷ್ಟೋ. ಧೈರ್ಯವಿದೆಯೇ ನೋಡೋಣವೆಂದು ಮರಿಯ ತಲೆಯ ಮೇಲೆ ಗುಂಡು ಹಾರಿಸುವುದು ಕ್ರೌರ್ಯ. ಆ ಭಯ ಒಮ್ಮೆ ಹೊಕ್ಕರೆ ಹೊರಡಿಸುವುದು ಬಲು ಕಷ್ಟ. ಮರಿ ಹಾರಿದ ಹಕ್ಕಿಯ ಬೆನ್ನಟ್ಟಿ ಮೈಮರೆತು ದೂರ ಓಡುತ್ತಿರುವಾಗ, ನೂರು ಗಜದಾಚೆ ಸದ್ದಿನ ಪಿಸ್ತೂಲನ್ನು ಒಮ್ಮೆ ಹಾರಿಸಿ, ದಿನಗಳೆದಂತೆ ಆ ಅಂತರವನ್ನು ಕಿರಿದುಗೊಳಿಸಬೇಕು. ಸದ್ದೊಂದನ್ನು ಅನ್ನದೊಡನೆ ಕೂಡಿಸಿದ ವಿಜ್ಞಾನಿ ಪಾವ್ಲೋವನ ನಾಯಿಗಳಂತೆ, ಮರಿಯೂ ಕೋವಿಯ ಸದ್ದನ್ನು ಹಕ್ಕಿಯ ಸಂತೋಷದೊಡನೆ ಬೆಸೆದುಕೊಳ್ಳುವುದು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ವನ್ಯಪ್ರಾಣಿಗಳ ಬೇಟೆಗೆ ಎಡೆಯಿಲ್ಲ, ಅದು ಯುಕ್ತವೂ ಹೌದು. ಅಮೆರಿಕದ ಟೆನೆಸೀ ಪ್ರಾಂತದ ಗ್ರ್ಯಾಂಡ್ ಜಂಕ್ಷನ್ ಬಳಿ ದಶಕಗಳಿಂದ ನಡೆದುಬಂದ, ಇಂಥ ನಾಯಿಗಳ ರಾಷ್ಟ್ರೀಯ ಸ್ಪರ್ಧೆಯಲ್ಲಿಯೂ ಹಕ್ಕಿಯನ್ನು ಕೊಲ್ಲದೆ, ಬರಿಯ ಸದ್ದು ಹಾರಿಸಿ, ಮೂರು ಗಂಟೆಗಳ ಓಟದಲ್ಲಿ ನಾಯಿಯ ಶೀಲವನ್ನು ಪರೀಕ್ಷಿಸುವರು. ಅಲ್ಲಿ ನಾಯಿಗಳು ಜೋಡಿಯಾಗಿ ಓಡುತ್ತವೆ. ಒಂದು ನಿಂತರೆ, ಯಾವ ವಾಸನೆಯೂ ತಗುಲದಿದ್ದರೂ, ದೂರದಿಂದ ಅದನ್ನು ಕಂಡೊಡನೆ ಮತ್ತೊಂದು ತಾನಿದ್ದಲ್ಲಿಯೇ ನಿಲ್ಲಬೇಕು. ಇದನ್ನೂ ಕೆಲವು ಮರಿಗಳು ಹುಟ್ಟಿನಿಂದಲೇ ಬಲ್ಲವೆಂದು ಡಾರ್ವಿನ್ನನು ಗುರುತಿಸಿದ್ದನು. ಅರಿಯದವಕ್ಕಾಗಿ ಶಿಕ್ಷಕರು, ನಿಂತ ನಾಯಿಯ ಆಕಾರಕ್ಕೆ ಹಲಗೆಯನ್ನು ಕೊಯ್ದು, ಬಿಳಿಯ ಬಣ್ಣ ಬಳಿದು, ಹುಲ್ಲಿನಲ್ಲಿ ಮಲಗಿಸಿಟ್ಟಿರುತ್ತಾರೆ. ಮರಿ ದಿಬ್ಬದ ತಿರುವಿಗೆ ಬಂದಾಗ ಸನ್ನೆಯನ್ನೊತ್ತಿದರೆ ಹಲಗೆಯು ಧಡಕ್ಕನೆ ಎದ್ದು ನಿಲ್ಲುವುದು. ಅದರ ಮುಂದೆ ಪಂಜರದಲ್ಲಿ ಪಾರಿವಾಳ. ಮರಿ ಮುಂದೆ ನುಗ್ಗಿದ ದಿನ ಪಾರಿವಾಳ ಹಾರಿಹೋಗುತ್ತದೆ. ಕೆಲವು ದಿನಗಳು ಕಳೆದಮೇಲೆ ಒಂದು ಬೆಳಗ್ಗೆ, ಮೂವತ್ತು ಗಜದಾಚೆಯಲ್ಲಿ ಆ ಬಿಳಿಯ ಹಲಗೆಯನ್ನು ಕಂಡು, ಮರಿಯು ಮುಂಗಾಲನ್ನೆತ್ತಿ ನಿಂತುಕೊಳ್ಳುತ್ತದೆ.